ಹಳ್ಳಿಯಲ್ಲಿ ನಾಲ್ಕು ವಾರ: ಆರೋಗ್ಯ ಶಿಕ್ಷಣದ ಇಂಟರ್ನ್‌ಶಿಪ್

ಜನರಿಗೆ ಆರೋಗ್ಯದ ತಿಳಿವಳಿಕೆ ಕೊಡುವ ಕೆಲಸವನ್ನು ಪದವಿ ಹಂತದಲ್ಲೇ ಕಲಿಸುವ ಕೋರ್ಸುಗಳಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಖ್ಯವಾದದ್ದು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದಲ್ಲಿ ಎಂಟನೇ ಸೆಮಿಸ್ಟರ್ ಇಂಟರ್ನ್‌ಶಿಪ್‌ಗೆ ಮೀಸಲು. ಒಟ್ಟು 22 ವಾರ. ಅದರಲ್ಲಿ ಸಮುದಾಯ ಆರೋಗ್ಯಕ್ಕೆ 4 ವಾರ. ಇಷ್ಟು ಕಡಿಮೆ ಅವಧಿ ಸಿಗುವುದರಿಂದಲೇ ಅದನ್ನು ಹೇಗೆ ಬಳಸಬೇಕೆಂದು ಮೊದಲೇ ಯೋಚಿಸಿರಬೇಕು.

ಕಾಲೇಜು ಆರೋಗ್ಯ ಇಲಾಖೆಯ ಅನುಮತಿ ಪಡೆದು ವಿದ್ಯಾರ್ಥಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದಕ್ಕೆ ಕಳುಹಿಸುತ್ತದೆ. ಬಯಲು ಪ್ರದೇಶದಲ್ಲಿ ಸುಮಾರು 30,000 ಜನರಿಗೆ ಒಂದು ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ, 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ಸರ್ಕಾರದ ಲೆಕ್ಕ. ಈ ಮೂರರಲ್ಲಿ ವಿದ್ಯಾರ್ಥಿಗೆ ನಿಜವಾದ ಗುರು ಆಶಾ ಕಾರ್ಯಕರ್ತೆಯೇ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಕೂಲಿಗೆ ಹೋದವರು ಎಷ್ಟು ಹೊತ್ತಿಗೆ ಮರಳುತ್ತಾರೆ ಎಂಬುದು ಅವರಿಗೆ ಗೊತ್ತು.

ಮೊದಲ ವಾರ ಮನೆ ಮನೆ ಸಮೀಕ್ಷೆ. ಅದರಲ್ಲಿ ಕಂಡ ತೊಂದರೆಯಿಂದಲೇ ವಿಷಯ ಹುಟ್ಟಬೇಕು. ಚಾರ್ಟು ಮೊದಲೇ ಬರೆದುಕೊಂಡು ಊರಿಗೆ ಬರುವ ರೂಢಿ ನನಗೆ ಸರಿ ಕಾಣುವುದಿಲ್ಲ.

ರಕ್ತಹೀನತೆಯನ್ನೇ ತೆಗೆದುಕೊಳ್ಳಿ. ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಕೆಂಪು ಮಾತ್ರೆ ಉಚಿತವಾಗಿ ಸಿಗುತ್ತದೆ. ಆದರೂ ಎಷ್ಟೋ ಮನೆಗಳಲ್ಲಿ ಮಾತ್ರೆಯ ಹಾಳೆ ಹಾಗೇ ಉಳಿದಿರುತ್ತದೆ. ‘ಸೊಪ್ಪು ತಿನ್ನಿ, ಮಾತ್ರೆ ನುಂಗಿ’ ಎಂದು ಭಾಷಣ ಮಾಡಿದರೆ ಅದು ಖಾಲಿಯಾಗುವುದಿಲ್ಲ. ‘ಯಾಕಕ್ಕಾ, ನುಂಗಿದ್ರೆ ಏನಾಗುತ್ತೆ?’ ಎಂದು ಕೇಳಿ ಸುಮ್ಮನೆ ಕೂರಬೇಕು. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗು ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಉತ್ತರಗಳು ಬರುತ್ತವೆ. ಒಂದೊಂದಕ್ಕೂ ಬೇರೆ ಬೇರೆ ಸಮಾಧಾನ ಬೇಕು. ಮಲ ಕಪ್ಪಾಗುವುದು ಮಾತ್ರೆಯ ಕಬ್ಬಿಣದಿಂದ, ಹೆದರಬೇಕಿಲ್ಲ. ತೊಳಸಿದರೆ ರಾತ್ರಿ ಊಟದ ನಂತರ ನುಂಗಲಿ. ಕಾಫಿ, ಟೀ ಜೊತೆಗೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗಿಡಬೇಕು. ನಿಂಬೆರಸ ಕಬ್ಬಿಣ ಮೈಗೂಡಲು ನೆರವಾಗುತ್ತದೆ. ಮಗುವಿನ ಗಾತ್ರದ ಭಯಕ್ಕೆ ಮಾತ್ರ ಅತ್ತೆಯನ್ನೂ ಕೂರಿಸಿಕೊಂಡು ಮಾತಾಡುವುದು ಒಳ್ಳೆಯದು, ಎಷ್ಟೋ ಮನೆಗಳಲ್ಲಿ ತೀರ್ಮಾನ ಅವರದೇ.

ಪಾಠಯೋಜನೆ, ಫ್ಲಾಶ್ ಕಾರ್ಡು, ಫೋಟೊ, ಸಹಿ ಇವೆಲ್ಲ ರೆಕಾರ್ಡ್ ಪುಸ್ತಕಕ್ಕೆ ಬೇಕೇ ಬೇಕು. ಕಲಿಕೆ ಇರುವುದು ಮಾತು ಮುಗಿದ ಮೇಲೆ. ಓ.ಆರ್.ಎಸ್. ಬಗ್ಗೆ ಹೇಳಿದ್ದರೆ ತಾಯಿಯ ಕೈಗೇ ಪೊಟ್ಟಣ ಕೊಟ್ಟು ಕಲಸಲು ಹೇಳಬೇಕು. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಅವರು ಲೋಟಕ್ಕಿಷ್ಟು ಎಂದು ಉದುರಿಸಿದರೆ ಹೇಳಿದ ರೀತಿ ಬದಲಿಸಿ ಮತ್ತೆ ಹೇಳಬೇಕು.

ಕೊನೆಯ ವಾರ ಅದೇ ಮನೆಗಳಿಗೆ ಹೋಗಿ ಮಾತ್ರೆ ಎಷ್ಟು ಉಳಿದಿವೆ ಎಂದು ಎಣಿಸಿ. ನುಂಗದವರ ಹೆಸರನ್ನೂ ಕಾರಣವನ್ನೂ ಬರೆದು ಆಶಾ ಕಾರ್ಯಕರ್ತೆಗೆ ಕೊಟ್ಟು ಹೊರಡಿ. ಮುಂದಿನ ತಿಂಗಳು ಆ ಮನೆಗಳಿಗೆ ಹೋಗುವವರು ಅವರು.