ಬೇಸಿಗೆಯ ಜಾತ್ರೆ: ಕೊಡುವುದರಲ್ಲಿ ಲೆಕ್ಕ, ಕೊಳ್ಳುವುದರಲ್ಲಿ ಎಚ್ಚರ



ಹೋಳಿ ಹುಣ್ಣಿಮೆಯಿಂದ ಕಾರ ಹುಣ್ಣಿಮೆಯವರೆಗಿನ ಮೂರು ತಿಂಗಳು ನಮ್ಮ ಕಡೆ ಹಬ್ಬ, ಜಾತ್ರೆ, ಮದುವೆಗಳ ಕಾಲ. ಬಾಗಲಕೋಟೆಯಲ್ಲಿ ಹಲಗೆಯ ಸದ್ದಿನೊಂದಿಗೆ ಹಲವು ದಿನ ನಡೆಯುವ ಬಣ್ಣದಾಟದಿಂದ ಇದು ಆರಂಭವಾಗುತ್ತದೆ. ನಂತರ ಯುಗಾದಿ, ದವನದ ಹುಣ್ಣಿಮೆ, ಬಸವ ಜಯಂತಿ, ಆಗಿ ಹುಣ್ಣಿಮೆ ಬರುತ್ತವೆ. ಕೊನೆಗೆ ಎತ್ತುಗಳ ಹಬ್ಬವಾದ ಕಾರ ಹುಣ್ಣಿಮೆ. ಈ ನಡುವೆ ಬಾದಾಮಿಯ ಗುಡ್ಡದ ಸಾಲಿನ ಹಳ್ಳಿಗಳಲ್ಲಿ, ಹುನಗುಂದ, ಇಳಕಲ್ ಭಾಗದ ಊರುಗಳಲ್ಲಿ ಒಂದಲ್ಲ ಒಂದು ಕಡೆ ತೇರು, ಸಂತೆ, ದಾಸೋಹ ಇದ್ದೇ ಇರುತ್ತದೆ.

ಜಾತ್ರೆಗಳು ಬೇಸಿಗೆಯಲ್ಲೇ ಏಕೆ ಹೆಚ್ಚು? ಹಿಂಗಾರಿ ಜೋಳದ ರಾಶಿ ಮುಗಿದು ಮನೆಯಲ್ಲಿ ಕಾಳು ಇರುತ್ತದೆ. ಮುಂಗಾರಿನ ಬಿತ್ತನೆಗೆ ಇನ್ನೂ ಸಮಯವಿರುತ್ತದೆ. ಎತ್ತಿಗೂ ಆಳಿಗೂ ಬಿಡುವು. ಒಕ್ಕಲುತನದ ಲೆಕ್ಕದಲ್ಲಿ ಇದು ಸರಿಯಾದ ಕಾಲವೇ. ಆದರೆ ಹೈನುಗಾರಿಕೆಯ ಲೆಕ್ಕ ಬೇರೆ. ಹಸಿರು ಮೇವು ಇಲ್ಲದ, ನೀರು ಕಡಿಮೆಯಾದ, ಹಾಲು ಇಳಿಯುವ ಕಾಲವೂ ಇದೇ. ಬಟವಾಡೆ ಕಡಿಮೆ ಬರುವಾಗಲೇ ಖರ್ಚು ಹೆಚ್ಚು ಬರುತ್ತದೆ. ಈ ಇಕ್ಕಟ್ಟಿನಲ್ಲಿ ಹಿಂಡುವ ಎಮ್ಮೆಯನ್ನು ಮಾರಿದ, ಮೇವಿನ ಹಣವನ್ನು ಪಟ್ಟಿಗೆ ಕೊಟ್ಟ, ಸಂಘಕ್ಕೆ ಹಾಕುವ ಹಾಲನ್ನು ಜಾತ್ರೆಯ ಹೋಟೆಲಿಗೆ ತಿರುಗಿಸಿದ ಕುಟುಂಬಗಳು ಮಳೆಗಾಲದಲ್ಲಿ ಕಷ್ಟಪಡುತ್ತವೆ.

ಆದ್ದರಿಂದ ಈ ಲೇಖನದ ಮಾತು ಇಷ್ಟೇ. ಜಾತ್ರೆ ನಮ್ಮದು, ಅದಕ್ಕೆ ಮನಸ್ಸಿನಿಂದ ಕೊಡೋಣ. ಆದರೆ ಹಿಂಡುವ ದನ, ಮೇವಿನ ಹಣ, ಸಂಘದ ಕ್ಯಾನು ಈ ಮೂರನ್ನು ಮುಟ್ಟದೆ ಕೊಡೋಣ.

ಕೊಡುವ ಪರಂಪರೆ

ಹತ್ತು ಜನ ಸೇರಿ ಉತ್ಸವ ನಡೆಸುವುದು ಈ ನೆಲಕ್ಕೆ ಹೊಸದಲ್ಲ. ಬಾದಾಮಿ ಹತ್ತಿರದ ಮಹಾಕೂಟದಲ್ಲಿ ಚಾಲುಕ್ಯ ದೊರೆ ಮಂಗಳೇಶನು ಸುಮಾರು ಕ್ರಿ.ಶ. 602ರಲ್ಲಿ ನಿಲ್ಲಿಸಿದ ಸ್ತಂಭ ಶಾಸನ ಇದಕ್ಕೆ ಸಾಕ್ಷಿ. ಕಳಚುರಿಗಳನ್ನು ಗೆದ್ದು ತಂದ ಸಂಪತ್ತನ್ನು ಮಕುಟೇಶ್ವರ ದೇವರಿಗೆ ಅರ್ಪಿಸಿದ್ದನ್ನೂ, ದೇವರಿಗೆ ಹತ್ತು ಹಳ್ಳಿಗಳ ಉತ್ಪನ್ನ ಬಿಟ್ಟಿದ್ದನ್ನೂ ಅದು ಹೇಳುತ್ತದೆ. ಶಾಸನದಲ್ಲಿ ಬರೆದಿರುವ ದಿನ ವೈಶಾಖ ಹುಣ್ಣಿಮೆ, ಅಂದರೆ ನಮ್ಮ ಆಗಿ ಹುಣ್ಣಿಮೆ. ಈ ಸ್ತಂಭ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಯಾರು ಕೊಟ್ಟರು, ಏನು ಕೊಟ್ಟರು, ಯಾವುದಕ್ಕೆ ಕೊಟ್ಟರು ಎಂಬುದನ್ನು ಎಲ್ಲರೂ ಓದುವಂತೆ ಕಲ್ಲಿನ ಮೇಲೆ ಕೆತ್ತಿಸಿದ್ದರು ಎಂಬುದನ್ನು ಗಮನಿಸಬೇಕು.

ದೊರೆಯ ದಾನದಂತೆಯೇ ಊರಿನವರ ಪಾಲೂ ಇದೆ. ಬನಶಂಕರಿ ಜಾತ್ರೆ ಬರುವುದು ಚಳಿಗಾಲದ ಬನದ ಹುಣ್ಣಿಮೆಗಾದರೂ ಉದಾಹರಣೆಗೆ ಅದು ಒಳ್ಳೆಯದು. ಅಲ್ಲಿಯ ತೇರಿನ ಹಗ್ಗ ಬರುವುದು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಮಾಡಲಗೇರಿಯಿಂದ. ಎತ್ತುಗಳು ಎಳೆಯುವ ಹಳಿಬಂಡಿಯಲ್ಲಿ ಆ ಊರಿನವರು ಅದನ್ನು ತರುತ್ತಾರೆ. ಹಗ್ಗ ಒಂದು ಊರಿನದು, ತೇರು ಇನ್ನೊಂದು ಊರಿನದು, ಎಳೆಯುವವರು ಎಲ್ಲ ಊರಿನವರು. ನಮ್ಮ ಹಾಲಿನ ಸಂಘವೂ ಇದೇ ರೀತಿ ಒಬ್ಬೊಬ್ಬರ ಪಾಲಿನಿಂದ ನಡೆಯುವಂಥದ್ದು.

ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಯನ್ನು 1913ರಲ್ಲಿ ದಾವಣಗೆರೆಯಲ್ಲಿ ಆರಂಭಿಸಿದವರು ಹರ್ಡೇಕರ ಮಂಜಪ್ಪನವರು. ಅವರು ಮುಂದೆ ನಮ್ಮ ನೆರೆಯ ಆಲಮಟ್ಟಿಯಲ್ಲಿ ನೆಲೆಸಿ ಆಶ್ರಮ ನಡೆಸಿದರು. ಇಂದು ಆ ದಿನ ಊರೂರಿನಲ್ಲಿ ಎತ್ತುಗಳ ಮೆರವಣಿಗೆ, ದಾಸೋಹ ನಡೆಯುತ್ತವೆ. ಶರಣರು ಕಲಿಸಿದ್ದು ಕಾಯಕ ಮತ್ತು ದಾಸೋಹ. ದುಡಿದು ಗಳಿಸಿದ್ದರಲ್ಲಿ ಕೊಡುವುದು ದಾಸೋಹ. ಸಾಲ ಮಾಡಿ, ದನ ಮಾರಿ ಕೊಡುವುದಲ್ಲ.

ಇಳಕಲ್ಲಿನ ಜೋಳಿಗೆಯ ಮಾತು ಇನ್ನೂ ವಿಶೇಷ. ಚಿತ್ತರಗಿ-ಇಳಕಲ್ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ ಹಿಡಿದು ಊರೂರು ತಿರುಗಿದರು. ಅವರು ಬೇಡಿದ್ದು ಹಣವನ್ನಲ್ಲ, ಕುಡಿತ, ಬೀಡಿ, ತಂಬಾಕು ಮುಂತಾದ ದುಶ್ಚಟಗಳನ್ನು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ದನ ಮಾರಿದ ಹಣ ಕಿಸೆಯಲ್ಲಿರುವ ರಾತ್ರಿ ಜಾತ್ರೆಯಲ್ಲಿ ಇಸ್ಪೀಟು, ಕುಡಿತಕ್ಕೆ ಕರೆಯುವವರು ಇದ್ದೇ ಇರುತ್ತಾರೆ. ಆಗ ಆ ಜೋಳಿಗೆಯನ್ನು ನೆನೆಯುವುದು ಒಳ್ಳೆಯದು.

ಜಾತ್ರೆಯ ಹಣ ಹೇಗೆ ಕೂಡುತ್ತದೆ?

ಸಾಮಾನ್ಯವಾಗಿ ನಾಲ್ಕು ದಾರಿಗಳಿವೆ. ಮೊದಲನೆಯದು ಮನೆಮನೆಯ ಪಟ್ಟಿ. ಎರಡನೆಯದು ಭಕ್ತರ ಹರಕೆ, ಕಾಣಿಕೆ. ಮೂರನೆಯದು ದೇವರ ಕಾಯಿ ಮುಂತಾದವುಗಳ ಸವಾಲು. ನಾಲ್ಕನೆಯದು ಅಂಗಡಿ, ತೊಟ್ಟಿಲು, ನಾಟಕ, ದನದ ಸಂತೆಗಳಿಂದ ಬರುವ ಜಾಗದ ಬಾಡಿಗೆ. ಇವಲ್ಲದೆ ರೊಟ್ಟಿ, ಕಾಳು, ಕಟ್ಟಿಗೆ, ಹಾಲು, ಮೊಸರು ವಸ್ತುರೂಪದಲ್ಲಿ ಬರುತ್ತವೆ.

ಸವಾಲಿನಲ್ಲಿ ಹುರುಪಿಗೆ ಬಿದ್ದು ಕೂಗುವವರು ಬಟವಾಡೆಯ ಪಾಸ್ ಪುಸ್ತಕವನ್ನು ಒಮ್ಮೆ ನೆನೆಯಬೇಕು. ಪಟ್ಟಿಗೆ ಹೆಸರು ಬರೆಸುವ ಮೊದಲು ಮನೆಯಲ್ಲಿ ಕುಳಿತು ಒಂದು ಲೆಕ್ಕ ಹಾಕಬೇಕು. ಒಂದು ಹಿಂಡುವ ದನಕ್ಕೆ ದಿನಕ್ಕೆ 6ರಿಂದ 7 ಕಿಲೋ ಜೋಳದ ಕಣಿಕೆ ಎಂದು ಹಿಡಿದರೂ ಮೂರು ತಿಂಗಳಿಗೆ ಸುಮಾರು 600 ಕಿಲೋ ಬೇಕು. ಇದರ ಜೊತೆಗೆ ಪಶು ಆಹಾರ, ಖನಿಜ ಮಿಶ್ರಣ ಬೇಕು. ಮಳೆ ತಡವಾದರೆ ಇನ್ನೂ ಒಂದು ತಿಂಗಳ ಮೇವು ಕೈಯಲ್ಲಿರಬೇಕು. ಇಷ್ಟನ್ನು ಬದಿಗಿಟ್ಟು ಉಳಿದದ್ದರಲ್ಲಿ ಪಟ್ಟಿ ಕೊಡಿ.

ಹಿಂಡುವ ದನವನ್ನು ಮಾರಬೇಡಿ

ಬೇಸಿಗೆಯಲ್ಲಿ ಮೇವಿಲ್ಲದೆ ಮಾರುವವರು ಹೆಚ್ಚು, ಕೊಳ್ಳುವವರು ಕಡಿಮೆ. ಆದ್ದರಿಂದ ಬೆಲೆ ಬೀಳುತ್ತದೆ. ಮಳೆಯಾಗಿ ಹುಲ್ಲು ಚಿಗುರಿದ ಮೇಲೆ ಅದೇ ಎಮ್ಮೆಗೆ ಹೆಚ್ಚು ಬೆಲೆ ಕೊಟ್ಟು ತರಬೇಕಾಗುತ್ತದೆ. ನಡುವೆ ಹೋದ ಹಾಲಿನ ಹಣ ಬೇರೆ. ಮಾರಲೇಬೇಕಾದರೆ ಗಬ್ಬ ನಿಲ್ಲದ, ವಯಸ್ಸಾದ, ಮೇವಿಗೆ ತಕ್ಕ ಹಾಲು ಕೊಡದ ದನ ಯಾವುದೆಂದು ಪಶುವೈದ್ಯರಿಂದ ಪರೀಕ್ಷಿಸಿಕೊಂಡು ತೀರ್ಮಾನಿಸಿ. ಗಬ್ಬದ ದನವನ್ನು ತಿಳಿಯದೆ ಮಾರಿ ಕೈ ಸುಟ್ಟುಕೊಂಡವರು ಉಂಟು.

ದನದ ಸಂತೆಯಲ್ಲಿ ಕೊಳ್ಳುವವರಿಗೆ

1. ಟವೆಲ್ಲಿನ ಕೆಳಗೆ ಬೆರಳು ಹಿಡಿದು ನಡೆಯುವ ವ್ಯಾಪಾರದಲ್ಲಿ ಬೆಲೆ ದಲಾಲಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಬೆಲೆಯನ್ನು ಬಾಯಿಬಿಟ್ಟು ಹೇಳಿಸಿಕೊಳ್ಳಿ. ರಸೀದಿ ಪಡೆಯಿರಿ.

2. ಹಲ್ಲು ನೋಡಿ ವಯಸ್ಸು ತಿಳಿಯಿರಿ. ಎರಡು ಹಲ್ಲು ಹಾಕಿದ ದನಕ್ಕೆ ಸುಮಾರು ಎರಡರಿಂದ ಎರಡೂವರೆ ವರ್ಷ. ಬಾಯಿಗೂಡಿದ್ದಕ್ಕೆ ಸುಮಾರು ಐದು ವರ್ಷ. ಹೈನಿಗೆ ಎರಡನೇ ಅಥವಾ ಮೂರನೇ ಸೂಲಿನ ದನ ಉತ್ತಮ.

3. ಒಂದು ಹೊತ್ತು ಹಿಂಡದೆ ಬಿಟ್ಟು ಕೆಚ್ಚಲು ತುಂಬಿದಂತೆ ತೋರಿಸುವುದು ಸಂತೆಯ ಹಳೆಯ ಉಪಾಯ. ಒಂದು ಹೊತ್ತಿನ ಹಾಲನ್ನು ನಂಬಬೇಡಿ. ಸಾಧ್ಯವಾದರೆ ಸತತ ಮೂರು ಹೊತ್ತು ನಿಮ್ಮ ಕಣ್ಣೆದುರಿಗೆ ಹಿಂಡಿಸಿ ಅಳೆಯಿರಿ. ನಾಲ್ಕೂ ಮೊಲೆಗಳಿಂದ ಹಾಲು ಬರುತ್ತದೆಯೇ, ಹಾಲಿನಲ್ಲಿ ಗರಣೆ ಇದೆಯೇ, ಕೆಚ್ಚಲಿನಲ್ಲಿ ಗಟ್ಟಿ ಇದೆಯೇ ನೋಡಿ. ಅವು ಕೆಚ್ಚಲು ಬಾವಿನ ಗುರುತುಗಳು.

4. ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯನ್ನು ಬರೆದುಕೊಳ್ಳಿ. ಲಸಿಕೆ ಹಾಕಿಸಿದ್ದರ ವಿವರ ಕೇಳಿ. ಪಶುವೈದ್ಯರ ಆರೋಗ್ಯ ಪ್ರಮಾಣಪತ್ರವನ್ನೂ ರಸೀದಿಯನ್ನೂ ಸಾಗಿಸುವಾಗ ಜೊತೆಯಲ್ಲಿಟ್ಟುಕೊಳ್ಳಿ.

5. ತಂದ ದನವನ್ನು ಆ ದಿನವೇ ಹಳೆಯ ದನಗಳ ಜೊತೆ ಕಟ್ಟಬೇಡಿ. ಕನಿಷ್ಠ ಮೂರು ವಾರ, ಜಾಗವಿದ್ದರೆ ನಾಲ್ಕು ವಾರ ಬೇರೆ ಕಟ್ಟಿ. ಗೋದಲಿ, ನೀರಿನ ಬಾನಿ ಬೇರೆ ಇರಲಿ. ಅದನ್ನು ಕೊನೆಗೆ ಹಿಂಡಿ ಕೈ ತೊಳೆಯಿರಿ.

ಐದನೆಯ ಮಾತನ್ನು ಜನ ಹೆಚ್ಚಾಗಿ ಮರೆಯುತ್ತಾರೆ. ಕಾಲುಬಾಯಿ ಜ್ವರ ತಗುಲಿದ ದನದಲ್ಲಿ ರೋಗ ಕಾಣಿಸಿಕೊಳ್ಳಲು ಎರಡು ದಿನದಿಂದ ಎರಡು ವಾರದವರೆಗೆ ಬೇಕಾಗಬಹುದು. ಚರ್ಮಗಂಟು ರೋಗಕ್ಕೆ ಇನ್ನೂ ಹೆಚ್ಚು ದಿನ ಬೇಕಾಗಬಹುದು. ಸಂತೆಯಲ್ಲಿ ಚೆನ್ನಾಗಿ ಕಂಡ ದನ ಮನೆಗೆ ಬಂದ ಮೇಲೆ ಜೊಲ್ಲು ಸುರಿಸುವುದು ಈ ಕಾರಣದಿಂದಲೇ. 2013ರಲ್ಲಿ ರಾಜ್ಯದಲ್ಲಿ ಕಾಲುಬಾಯಿ ಜ್ವರ ಬಂದು ಅನೇಕ ಮಿಶ್ರತಳಿ ಹಸುಗಳು ಸತ್ತವು. 2022-23ರಲ್ಲಿ ಚರ್ಮಗಂಟು ರೋಗ ಹರಡಿದಾಗ ದನದ ಸಂತೆ, ಜಾತ್ರೆಗಳನ್ನು ನಿಲ್ಲಿಸಬೇಕಾಯಿತು. ಕಾಲುಬಾಯಿ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಿ. ಲಸಿಕೆಯ ಬಲ ಬರಲು ಎರಡು ಮೂರು ವಾರ ಬೇಕು. ಜಾತ್ರೆಯ ಹಿಂದಿನ ದಿನ ಹಾಕಿಸಿದರೆ ಜಾತ್ರೆಯಲ್ಲಿ ರಕ್ಷಣೆ ಸಿಗುವುದಿಲ್ಲ.

ದಾಸೋಹದ ಉಳಿಕೆ ದನಕ್ಕೆ ವಿಷ

ತೇರಿನ ಮರುದಿನ ಉಳಿದ ಅನ್ನ, ಹುಗ್ಗಿ, ಹೋಳಿಗೆ, ಕಣಕವನ್ನು ‘ಹಾಳಾಗುವುದೇಕೆ’ ಎಂದು ಬುಟ್ಟಿಗಟ್ಟಲೆ ದನದ ಮುಂದೆ ಸುರಿಯುವುದು ರೂಢಿ. ಇದು ಬಹಳ ಅಪಾಯಕಾರಿ. ಇಂಥ ಆಹಾರ ಮೆಲುಕು ಚೀಲದಲ್ಲಿ ಬೇಗನೆ ಹುಳಿತು ಆಮ್ಲ ಹೆಚ್ಚಾಗುತ್ತದೆ. ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಹುಳಿ ವಾಸನೆಯ ತೆಳು ಸಗಣಿ ಹಾಕುತ್ತದೆ. ಕೊನೆಗೆ ಏಳಲಾರದೆ ಮಲಗುತ್ತದೆ. ತಡಮಾಡಿದರೆ ಪ್ರಾಣ ಹೋಗಬಹುದು. ಈ ಗುರುತು ಕಂಡ ಕೂಡಲೇ ಕಾಳು, ಅನ್ನ ನಿಲ್ಲಿಸಿ ಒಣ ಮೇವನ್ನಷ್ಟೇ ಮುಂದಿಟ್ಟು ಪಶುವೈದ್ಯರನ್ನು ಕರೆಯಿರಿ. ಎಲೆ, ತಟ್ಟೆಗಳ ಜೊತೆ ಬಿಸಾಡಿದ ಪ್ಲಾಸ್ಟಿಕ್ ಚೀಲಗಳನ್ನು ತಿಂದ ದನವೂ ಸೊರಗಿ ಸಾಯುತ್ತದೆ. ಜಾತ್ರೆಯ ಬಯಲನ್ನು ಗುಡಿಸುವವರೆಗೆ ದನ ಬಿಡಬೇಡಿ.

ಹಾಲು, ಮಜ್ಜಿಗೆ ಮತ್ತು ಸಂಘ

ಬನಶಂಕರಿಯಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರು ತಂದು ಮಾರುವುದನ್ನು ಎಲ್ಲರೂ ಕಂಡಿದ್ದೇವೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ಅಲ್ಲಿ ಮಾತಿಗೆ ಮಾತ್ರವಲ್ಲ. ಮನೆಯ ಹಾಲಿನಲ್ಲಿ ಮೊಸರು, ಬೆಣ್ಣೆ ಮಾಡಿ ಮಾರುವುದು ಗೌರವದ ದುಡಿಮೆ. ಆದರೆ ಎಂಟು ದಿನದ ಹೆಚ್ಚಿನ ಬೆಲೆಗೆಂದು ಸಂಘಕ್ಕೆ ಹಾಲು ನಿಲ್ಲಿಸುವವರು ಒಂದು ವಿಚಾರ ಮಾಡಬೇಕು. ಜಾತ್ರೆಯ ಹೋಟೆಲು ಒಂಬತ್ತನೆಯ ದಿನ ಗುಡಾರ ಕಿತ್ತು ಹೋಗುತ್ತದೆ. ಸಂಘ ಮಳೆಗಾಲದಲ್ಲಿ ಹಾಲು ಹೆಚ್ಚಾದಾಗಲೂ ಕೊಳ್ಳುತ್ತದೆ. ಬೋನಸ್ ಸಿಗುವುದು ಹಾಕಿದ ಹಾಲಿನ ಮೇಲೆ. ಬೈಲಾದಲ್ಲಿ ಹೇಳಿದಷ್ಟು ಹಾಲು ಹಾಕದಿದ್ದರೆ ಸಭೆಯಲ್ಲಿ ಮತದ ಹಕ್ಕಿಗೂ ತೊಂದರೆಯಾಗಬಹುದು. ಇನ್ನು ಕಡಿಮೆಯಾದ ಹಾಲನ್ನು ನೀರಿನಿಂದ ತುಂಬಿಸುವುದು ಇಡೀ ಊರಿನ ಕ್ಯಾನಿನ ಗುಣಮಟ್ಟ ಕೆಡಿಸಿದಂತೆ. ಜಿಡ್ಡು ಮತ್ತು ಜಿಡ್ಡೇತರ ಘನಾಂಶ ಇಳಿದರೆ ನಷ್ಟ ಎಲ್ಲರಿಗೂ.

ತೇರಿನ ದಿನ ಮಜ್ಜಿಗೆಯ ಅರವಟ್ಟಿಗೆ ಇಡಬಯಸುವ ಸಂಘಗಳಿಗೆ ಒಂದು ಲೆಕ್ಕ: 1 ಲೀಟರ್ ಮೊಸರಿಗೆ 3 ಲೀಟರ್ ನೀರು ಬೆರೆಸಿದರೆ 200 ಮಿಲಿಲೀಟರಿನ 20 ಲೋಟ ಮಜ್ಜಿಗೆ. 1,000 ಲೋಟಕ್ಕೆ 50 ಲೀಟರ್ ಮೊಸರು ಸಾಕು. ನೂರು ಸದಸ್ಯರು ಅರ್ಧ ಲೀಟರಿನಂತೆ ಹಾಲು ಕೊಟ್ಟರೆ ಆಯಿತು. ಈ ಹಾಲನ್ನು ಬೇರೆ ಪಾತ್ರೆಯಲ್ಲಿ ಪಡೆದು ಬೇರೆ ಪುಸ್ತಕದಲ್ಲಿ ಬರೆಯಿರಿ. ಕಾಯಿಸಿ ಹೆಪ್ಪು ಹಾಕಿ. ಬೆರೆಸುವ ನೀರೂ ಶುದ್ಧವಾಗಿರಲಿ. ಒಕ್ಕೂಟಕ್ಕೆ ಹೋಗುವ ಕ್ಯಾನಿನಿಂದ ಒಂದು ಲೋಟವನ್ನೂ ತೆಗೆಯಬೇಡಿ.

ಹಣದ ವಿಷಯದಲ್ಲಿಯೂ ಹೀಗೆಯೇ. ಸದಸ್ಯರ ಒಪ್ಪಿಗೆಯಿಲ್ಲದೆ ಬಟವಾಡೆಯಲ್ಲಿ ಪಟ್ಟಿ ಹಿಡಿಯಬಾರದು. ಸಂಘದ ಹಣ ಆಡಳಿತ ಮಂಡಳಿಯ ಸ್ವಂತ ಹಣವಲ್ಲ. ಅದನ್ನು ಸಹಕಾರ ಕಾಯ್ದೆ ಮತ್ತು ಬೈಲಾ ಹೇಳಿದ ರೀತಿಯಲ್ಲಿ, ಸರ್ವ ಸದಸ್ಯರ ಸಭೆಗೆ ತಿಳಿಸಿಯೇ ಖರ್ಚು ಮಾಡಬೇಕು. ಜಾತ್ರೆ ಕಮಿಟಿಯವರೂ ಜಮಾ ಖರ್ಚನ್ನು ಗುಡಿಯ ಗೋಡೆಗೆ ಬರೆದು ಹಚ್ಚಿದರೆ ಮುಂದಿನ ವರ್ಷ ಪಟ್ಟಿ ಕೇಳದೆಯೇ ಬರುತ್ತದೆ. ಹದಿನಾಲ್ಕು ಶತಮಾನಗಳ ಹಿಂದೆ ಮಹಾಕೂಟದಲ್ಲಿ ಕಲ್ಲಿನ ಮೇಲೆ ಬರೆಸಿದವರು ಮಾಡಿದ್ದೂ ಅದನ್ನೇ.

ಕಾರ ಹುಣ್ಣಿಮೆಯ ಹೊತ್ತಿಗೆ

ಕಾರ ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಯುವುದರೊಂದಿಗೆ ಬೇಸಿಗೆಯ ಹಬ್ಬಗಳು ಮುಗಿಯುತ್ತವೆ. ಅಷ್ಟರೊಳಗೆ ಗಳಲೆ ರೋಗ ಮತ್ತು ಚಪ್ಪೆ ಬೇನೆಯ ಲಸಿಕೆ ಹಾಕಿಸಿರಬೇಕು. ಕೊಟ್ಟಿಗೆಯಲ್ಲಿ ಹಿಂಡುವ ದನ ಹಾಗೆಯೇ ಇರಬೇಕು. ಬಣವೆಯಲ್ಲಿ ಮಳೆ ಬರುವವರೆಗಿನ ಕಣಿಕೆ ಉಳಿದಿರಬೇಕು. ಸಂಘದ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಹೊತ್ತೂ ಖಾಲಿ ಇರಬಾರದು. ಹಾಗಿದ್ದರೆ ಜಾತ್ರೆಗೆ ಕೊಟ್ಟದ್ದು ಯಾವುದೂ ಹೊರೆಯಲ್ಲ.

ಜಾತ್ರೆಗೆ ದನ ಒಯ್ಯುವ ಅಥವಾ ತರುವ ವಿಚಾರವಿರುವ ಸದಸ್ಯರು ಒಂದು ತಿಂಗಳು ಮುಂಚಿತವಾಗಿ ತಮ್ಮ ಸಂಘದ ಕಾರ್ಯದರ್ಶಿಗಳಿಗೆ ತಿಳಿಸಿ, ಲಸಿಕೆ ಮತ್ತು ಗಬ್ಬ ಪರೀಕ್ಷೆಯ ಅನುಕೂಲ ಪಡೆಯಬೇಕಾಗಿ ಕೋರಿಕೆ.