ಸೋಲಾರ್ ಬ್ಯಾಟರಿಯಿಂದ ಡಿವಿಆರ್‌ಗೆ ನೇರ ವೈರ್ ಕೊಡಬಹುದೇ?

ಹೊಲದ ಶೆಡ್ಡಿಗೆ ಕರೆಂಟ್ ಲೈನ್ ಇಲ್ಲ, ಸೋಲಾರ್ ಇದೆ. ಬ್ಯಾಟರಿಯೂ 12 ವೋಲ್ಟ್, ಸಿಸಿ ಕ್ಯಾಮೆರಾದ ಡಿವಿಆರ್ ಕೂಡ 12 ವೋಲ್ಟ್. ಹಾಗಿದ್ದರೆ ನಡುವೆ ಇನ್ವರ್ಟರ್ ಯಾಕೆ ಸರ್ ಎಂದು ದ್ವಿತೀಯ ಪಿಯು ವಿಜ್ಞಾನ ವಿದ್ಯಾರ್ಥಿಗಳು ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿಯೇ ಉತ್ತರ ಹುಡುಕೋಣ.

ನಾಲ್ಕು ಕ್ಯಾಮೆರಾ ಮತ್ತು ಡಿವಿಆರ್ ಸೇರಿ 30 ವ್ಯಾಟ್ ಎಂದಿಟ್ಟುಕೊಳ್ಳಿ. 24 ಗಂಟೆಗೆ 720 ವ್ಯಾಟ್-ಅವರ್. ಇನ್ವರ್ಟರ್ 12 ವೋಲ್ಟ್ ಡಿಸಿಯನ್ನು 230 ವೋಲ್ಟ್ ಎಸಿ ಮಾಡುತ್ತದೆ; ಅಡಾಪ್ಟರ್ ಅದನ್ನೇ ಮತ್ತೆ 12 ವೋಲ್ಟ್ ಡಿಸಿ ಮಾಡುತ್ತದೆ. ಎರಡರ ದಕ್ಷತೆಯೂ ಶೇ. 85 ಇದ್ದರೆ ಕೊನೆಗೆ ಉಳಿಯುವುದು ಶೇ. 72. ಅಂದರೆ ಬ್ಯಾಟರಿಯಿಂದ ದಿನಕ್ಕೆ 1000 ವ್ಯಾಟ್-ಅವರ್ ಖರ್ಚು. 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 1800. ಬಾಳಿಕೆಗಾಗಿ ಅರ್ಧ ಮಾತ್ರ ಬಳಸಿದರೆ ಸಿಗುವುದು 900. ಒಂದು ದಿನಕ್ಕೂ ಸಾಲದು. ವಜೂ ಮಾಡುವ ನೀರನ್ನೂ ಪೋಲು ಮಾಡಬಾರದೆಂದು ಕಲಿತವರು ನಾವು; ವಿದ್ಯುತ್ತಿಗೂ ಅದೇ ಮಾತು.

ಹಾಗೆಂದು ನೇರ ವೈರ್ ಕೊಡಬೇಡಿ. 12 ವೋಲ್ಟ್ ಎನ್ನುವುದು ಬ್ಯಾಟರಿಯ ಹೆಸರು ಮಾತ್ರ. ಲೆಡ್-ಆಸಿಡ್ ಬ್ಯಾಟರಿ ಬಿಸಿಲಲ್ಲಿ ಚಾರ್ಜ್ ಆಗುವಾಗ 14.4 ವೋಲ್ಟ್‌ವರೆಗೆ ಏರುತ್ತದೆ, ಖಾಲಿಯಾದಾಗ 11ಕ್ಕಿಂತ ಕೆಳಗಿಳಿಯುತ್ತದೆ. ಡಿವಿಆರ್ ಒಳಗಿನ ಹಾರ್ಡ್ ಡಿಸ್ಕ್‌ನ ಮೋಟಾರು ಸಾಮಾನ್ಯವಾಗಿ ತಡೆದುಕೊಳ್ಳುವುದು 10.8ರಿಂದ 13.2 ವೋಲ್ಟ್. ಹೆಚ್ಚಾದರೆ ಸುಡಬಹುದು, ಕಡಿಮೆಯಾದರೆ ಡಿವಿಆರ್ ಮತ್ತೆ ಮತ್ತೆ ಆಫ್ ಆಗಿ ರೆಕಾರ್ಡಿಂಗ್ ಕೆಡಬಹುದು.

ಸರಿಯಾದ ದಾರಿ ನಡುವಿನದು. ಬ್ಯಾಟರಿ ಏರಲಿ, ಇಳಿಯಲಿ, ಸ್ಥಿರವಾಗಿ 12 ವೋಲ್ಟ್ ಕೊಡುವ ಬಕ್-ಬೂಸ್ಟ್ ಡಿಸಿ ಕನ್ವರ್ಟರ್ ಹಾಕಬೇಕು. ಅದರ ದಕ್ಷತೆ ಶೇ. 90 ಇದ್ದರೆ ದಿನದ ಖರ್ಚು 800 ವ್ಯಾಟ್-ಅವರ್. ಅದೇ ಬ್ಯಾಟರಿ ಸಾಲುತ್ತದೆ. ಹಾರ್ಡ್ ಡಿಸ್ಕ್ ತಿರುಗಲು ಆರಂಭಿಸುವಾಗ ಹೆಚ್ಚು ಕರೆಂಟ್ ಎಳೆಯುವುದರಿಂದ 5 ಆಂಪಿಯರ್ ಕನ್ವರ್ಟರ್ ಇರಲಿ. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಫ್ಯೂಸ್ ಬೇಕು. ಕೆಲವು ರೆಕಾರ್ಡರ್‌ಗಳಿಗೆ 48 ವೋಲ್ಟ್ ಬೇಕಾಗುತ್ತದೆ, ಅಡಾಪ್ಟರ್ ಮೇಲೆ ಓದಿಕೊಳ್ಳಿ.

ಇದು ಹೊಲದ ಮಾತಷ್ಟೇ ಅಲ್ಲ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್, ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ, ಎಲ್ಲ ಪೊಲೀಸ್ ಠಾಣೆಗಳಲ್ಲಿ ಸಿಸಿ ಕ್ಯಾಮೆರಾ ಇರಬೇಕೆಂದು ಆದೇಶಿಸಿತು. ವಿದ್ಯುತ್ ಇಲ್ಲದ ಕಡೆ ಸೌರ ಅಥವಾ ಪವನ ಶಕ್ತಿಯಿಂದಾದರೂ ಅದನ್ನು ಒದಗಿಸುವುದು ರಾಜ್ಯಗಳ ಹೊಣೆ ಎಂದಿತು. ಠಾಣೆಯಲ್ಲಿರುವ ಮನುಷ್ಯನ ಹಕ್ಕಿಗೆ ಆ ರೆಕಾರ್ಡಿಂಗೇ ಸಾಕ್ಷಿ.

ಮನೆಯಲ್ಲಿ ಇಂಥ ಜೋಡಣೆ ಮಾಡುವ ಮೊದಲು ಕನ್ವರ್ಟರನ್ನು ನಮ್ಮ ಲ್ಯಾಬಿಗೆ ತನ್ನಿ. ಮಲ್ಟಿಮೀಟರ್ ಹಿಡಿದು ವೋಲ್ಟೇಜ್, ಪ್ಲಸ್-ಮೈನಸ್ ಎರಡನ್ನೂ ನೋಡಿಯೇ ವೈರ್ ಕೊಡೋಣ.