ಅಮ್ಮ ಅತ್ತಾಗ ನಿಮಗೇಕೆ ಅಳು ಬರಲಿಲ್ಲ?



ಇವತ್ತಿನ ಮಾತು ನಿಮ್ಮ ಮನೆಯ ಸೋಫಾದಿಂದಲೇ ಶುರುವಾಗಲಿ.

ಶನಿವಾರ ರಾತ್ರಿ. ಊಟ ಮುಗಿದಿದೆ. ಅಪ್ಪ ಟಿವಿಯಲ್ಲಿ 'ಮಾಲ್ಗುಡಿ ಡೇಸ್' ಹಾಕಿದ್ದಾರೆ. ನೀವೂ ಪಕ್ಕದಲ್ಲಿ ಕೂತಿದ್ದೀರಿ, ಕೈಯಲ್ಲಿ ಫೋನ್ ಇದೆ. ಪರದೆಯ ಮೇಲೆ ಸ್ವಾಮಿ ಎಂಬ ಪುಟ್ಟ ಹುಡುಗ. ರಾತ್ರಿ ಅಜ್ಜಿಯ ಪಕ್ಕದಲ್ಲೇ ಮಲಗುವುದು ಅವನ ಅಭ್ಯಾಸ. ಅದೆಲ್ಲ ಸಾಕು, ಇವತ್ತು ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಅವನ ಅಪ್ಪ ಹಟ ಹಿಡಿಯುತ್ತಾರೆ. ಸ್ವಾಮಿಗೆ ಜೀವ ಹೋದಂತಾಗುತ್ತದೆ. ನಿಮಗೆ ನಗು ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ. ಪಕ್ಕಕ್ಕೆ ತಿರುಗಿದರೆ ಅಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ.

ಇಷ್ಟಕ್ಕೆಲ್ಲ ಯಾಕೆ ಅಳಬೇಕು? ಕೇಳಿದರೆ "ಏನಿಲ್ಲ ಬಿಡು" ಅನ್ನುತ್ತಾರೆ. ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಹಲವರು ಬೇಗ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ. ಅಮ್ಮನಿಗೆ ಭಾಷೆ ಗೊತ್ತು, ನನಗೆ ಅಷ್ಟಾಗಿ ಗೊತ್ತಿಲ್ಲ, ಆದ್ದರಿಂದ ಇದು ನನ್ನದಲ್ಲ ಎಂದು. ಆದರೆ ಒಂದು ನಿಮಿಷ. 'ಮಾಲ್ಗುಡಿ ಡೇಸ್' ಮೂಲದಲ್ಲಿ ಕನ್ನಡದ ಸೀರಿಯಲ್ಲೇ ಅಲ್ಲ. ಆರ್. ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಥೆಗಳವು. ಅವುಗಳನ್ನು 1980ರ ದಶಕದಲ್ಲಿ ನಮ್ಮ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು. ದೂರದರ್ಶನದಲ್ಲಿ ಅದು ಬಂದದ್ದು ಹಿಂದಿಯಲ್ಲಿ. ಆಗ ಅದನ್ನು ನೋಡಿದ ಕರ್ನಾಟಕದ ಎಷ್ಟೋ ಮಕ್ಕಳ ಹಿಂದಿ ಅರ್ಧಂಬರ್ಧ. ಪ್ರತಿ ಮಾತೂ ಅರ್ಥವಾಗದೆಯೇ ಅವರು ಸ್ವಾಮಿಯನ್ನು ತಮ್ಮವನನ್ನಾಗಿ ಮಾಡಿಕೊಂಡರು.

ಹಾಗಾದರೆ ಒಂದು ಚಿತ್ರ ನಮ್ಮನ್ನು ಒಳಗೆ ಎಳೆದುಕೊಳ್ಳುವುದು ಹೇಗೆ? ಈ ಪ್ರಶ್ನೆಯನ್ನೇ ಇವತ್ತು ಬಿಡಿಸಿ ನೋಡೋಣ.

ಮೊದಲು ಒಂದು ಹಳೆಯ ಪ್ರಯೋಗ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಎಂಬ ನಿರ್ದೇಶಕರಿದ್ದರು. ಆ ಕಾಲದ ಹೆಸರಾಂತ ನಟ ಇವಾನ್ ಮೊಜುಖಿನ್ ಅವರ ಮುಖದ ಒಂದು ಶಾಟ್ ಆರಿಸಿಕೊಂಡರು. ಆ ಮುಖದಲ್ಲಿ ಹೇಳಿಕೊಳ್ಳುವಂಥ ಭಾವ ಏನೂ ಇರಲಿಲ್ಲ. ಅದರ ಜೊತೆಗೆ ಒಮ್ಮೆ ಸೂಪ್ ಬಟ್ಟಲಿನ ಚಿತ್ರ, ಇನ್ನೊಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸಿನ ಚಿತ್ರ, ಮತ್ತೊಮ್ಮೆ ಗೊಂಬೆಯೊಡನೆ ಆಡುವ ಪುಟ್ಟ ಹುಡುಗಿಯ ಚಿತ್ರ ಅಂಟಿಸಿದರು. ಅವರೊಡನೆ ಕೆಲಸ ಮಾಡಿದ ಪುಡೋವ್ಕಿನ್ ಮುಂದೆ ಬರೆದ ಪ್ರಕಾರ, ನೋಡಿದವರು ನಟನೆಯನ್ನು ಬಾಯಿತುಂಬ ಹೊಗಳಿದರಂತೆ. ಸೂಪ್ ಮುಂದೆ ಎಂಥ ಚಿಂತೆ, ಶವದ ಮುಂದೆ ಎಂಥ ದುಃಖ, ಮಗುವನ್ನು ನೋಡಿ ಎಂಥ ನಸುನಗೆ ಎಂದು. ಮೂರು ಸಲವೂ ಮುಖ ಒಂದೇ! ಚಿಂತೆ, ದುಃಖ, ನಗು ಮೂರನ್ನೂ ತಂದವರು ನೋಡುಗರೇ.

ಮನುಷ್ಯನ ಮುಖವಾದ್ದರಿಂದ ಹೀಗಾಯಿತು ಅನ್ನುತ್ತೀರಾ? ಹಾಗಾದರೆ ಇನ್ನೊಂದು ಕೇಳಿ. 1944ರಲ್ಲಿ ಅಮೆರಿಕದಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಅನಿಮೇಷನ್ ಚಿತ್ರ ಮಾಡಿದರು. ಅದರಲ್ಲಿ ಇದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ, ಬಾಗಿಲಿನಂತೆ ತೆರೆದು ಮುಚ್ಚುವ ಒಂದು ಚೌಕಟ್ಟು. ಅಷ್ಟೇ. ಅವು ಅತ್ತಿತ್ತ ಓಡಾಡುತ್ತವೆ. ಏನು ಕಂಡಿರಿ ಎಂದು 34 ಮಂದಿಯನ್ನು ಕೇಳಿದಾಗ ಬರೀ ಆಕಾರಗಳ ಚಲನೆ ಎಂದು ಹೇಳಿದವರು ಒಬ್ಬರೇ. ಉಳಿದವರು ಕಥೆ ಹೇಳಿದರು. ದೊಡ್ಡ ತ್ರಿಕೋನ ರೌಡಿ, ಪಾಪ ಆ ವೃತ್ತ ಹೆದರಿದೆ, ಸಣ್ಣ ತ್ರಿಕೋನ ಅದನ್ನು ಕಾಪಾಡುತ್ತಿದೆ, ಹೀಗೆ.

ನಮ್ಮ ಮನಸ್ಸು ಇರುವುದೇ ಹಾಗೆ. ಖಾಲಿ ಜಾಗ ಕಂಡರೆ ತುಂಬದೆ ಸುಮ್ಮನಿರುವುದಿಲ್ಲ. ಒಳ್ಳೆಯ ಕಲಾವಿದರಿಗೆ ಈ ಗುಟ್ಟು ಗೊತ್ತು. ಅವರು ಎಲ್ಲವನ್ನೂ ಹೇಳುವುದಿಲ್ಲ. ಅರ್ಧ ತಾವು ಕೊಟ್ಟು, ಉಳಿದ ಅರ್ಧವನ್ನು ನಮಗೆ ಬಿಡುತ್ತಾರೆ. ಆ ಅರ್ಧವನ್ನು ನಾವು ತುಂಬಿದಾಗ ಕಥೆ ನಮ್ಮದಾಗುತ್ತದೆ.

ಕ್ಯಾಮೆರಾ ಬರುವ ಮೊದಲೇ ಇದು ನಮ್ಮ ಹಿರಿಯರಿಗೆ ತಿಳಿದಿತ್ತು. ಕರಾವಳಿ, ಮಲೆನಾಡಿನ ಯಕ್ಷಗಾನ ನೋಡಿದ್ದೀರಾ? ರಂಗದ ಮೇಲೆ ಅರಮನೆಯ ಪರದೆಯಿಲ್ಲ, ಕಾಡಿನ ಚಿತ್ರವಿಲ್ಲ. ಕೂರಲು ಒಂದು ಪೀಠ ಇದ್ದರೆ ಹೆಚ್ಚು. ಆ ಪೀಠವೇ ಸಿಂಹಾಸನ, ಅದೇ ರಥ. ಗದ್ದೆಯಲ್ಲಿ ಕೂತು ರಾತ್ರಿಯಿಡೀ ಆಟ ನೋಡುವವರಿಗೆ ಅಲ್ಲಿ ಕುದುರೆಗಳೂ ಕಾಣುತ್ತವೆ, ಧೂಳೂ ಕಾಣುತ್ತದೆ. ಇನ್ನು ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಪಂಚೆ, ಶಾಲು ಹೊದ್ದ ನಾಲ್ಕಾರು ಮಂದಿ ಕೂತು ಮಾತಾಡುತ್ತಾರೆ. ಭಾಗವತರ ಹಾಡಿನ ನಡುವೆ ಆ ಮಾತಿನಿಂದಲೇ ಕರ್ಣನೂ ಕೃಷ್ಣನೂ ಎದ್ದು ಬರುತ್ತಾರೆ. ರೇಡಿಯೊದಲ್ಲಿ ಬರೀ ದನಿಯನ್ನೇ ನಂಬಿಕೊಂಡ ನಮಗಂತೂ ತಾಳಮದ್ದಳೆ ಹತ್ತಿರದ ನೆಂಟ.

ಕಲ್ಲಿನ ಶಿಲ್ಪವೂ ನಮ್ಮಿಂದ ಕೆಲಸ ಮಾಡಿಸುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆ ನೋಡಿ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿಗಳು, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಪ್ರಸಂಗಗಳು. ಸಿನಿಮಾದಲ್ಲಿ ನಾವು ಕೂತಿರುತ್ತೇವೆ, ಚಿತ್ರ ಓಡುತ್ತದೆ. ಇಲ್ಲಿ ಚಿತ್ರ ನಿಂತಿರುತ್ತದೆ, ನಾವು ನಡೆಯಬೇಕು. ನಡೆದರೆ ಕಥೆ ಮುಂದೆ ಹೋಗುತ್ತದೆ, ನಿಂತರೆ ನಿಲ್ಲುತ್ತದೆ. ಒಂದು ಕೆತ್ತನೆಗೂ ಇನ್ನೊಂದಕ್ಕೂ ನಡುವೆ ಏನಾಯಿತು ಎಂಬುದನ್ನು ನೋಡುವವರೇ ತುಂಬಿಕೊಳ್ಳಬೇಕು. ಕಥೆ ಗೊತ್ತಿದ್ದವರಿಗೆ ಅದು ಸುಲಭ. ಗೊತ್ತಿಲ್ಲದವರಿಗೆ ಅದು ಚೆಂದದ ಕಲ್ಲು, ಒಂದು ಸೆಲ್ಫಿ.

ಇಲ್ಲೇ ನೋಡಿ ನಮ್ಮ ಸೋಫಾದ ಪ್ರಶ್ನೆಗೆ ಉತ್ತರ ಸಿಗುವುದು. ತುಂಬುವ ಬುದ್ಧಿ ಎಲ್ಲರಿಗೂ ಇದೆ. ಆದರೆ ಏನನ್ನು ತುಂಬುತ್ತೇವೆ ಎಂಬುದು ನಮ್ಮ ನಮ್ಮ ಉಗ್ರಾಣದಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ.

ಸ್ವಾಮಿಯ ಕಥೆಗೆ ಮರಳೋಣ. ಅಲ್ಲಿ ಎರಡು ಖಾಲಿ ಜಾಗಗಳಿವೆ. ಒಂದು, ಕತ್ತಲೆ ಕೋಣೆಯ ಭಯ. ಅದನ್ನು ತುಂಬಲು ನೀವು ಮಲೆನಾಡಿನಲ್ಲಿ ಹುಟ್ಟಬೇಕಿಲ್ಲ. ಡಲ್ಲಾಸ್ ಇರಲಿ, ದುಬೈ ಇರಲಿ, ಮಂಚದ ಕೆಳಗೆ ಏನೋ ಇದೆ ಎಂದು ಹೆದರದ ಮಗು ಎಲ್ಲಿದೆ? ಅದಕ್ಕೇ ನಿಮಗೆ ಪಾಪ ಅನ್ನಿಸಿದ್ದು. ಇನ್ನೊಂದು, ಅಜ್ಜಿಯ ಪಕ್ಕದ ಹಾಸಿಗೆ. ಅಮ್ಮ ಅಲ್ಲಿ ತಮ್ಮ ಅಜ್ಜಿಯನ್ನು ತಂದಿಟ್ಟರು. ಹಳೆಯ ಸೀರೆಯ ಕೌದಿಯ ಮೆತ್ತಗೆ, ಎಲೆ ಅಡಿಕೆಯ ವಾಸನೆ, ನಿದ್ದೆ ಬರುವ ಮೊದಲೇ ನಿಂತುಹೋದ ಕಥೆ, ಇನ್ನೇನೇನೋ. ಬಹುಶಃ ಕೊನೆಯ ಸಲ ನೋಡಲು ಹೋಗಲಾಗದ ಸಂಕಟವೂ ಇದ್ದಿರಬಹುದು. ನಿಮ್ಮ ಅಜ್ಜಿ ನಿಮಗೆ ಸಿಕ್ಕದ್ದು ಹೆಚ್ಚಾಗಿ ವಿಡಿಯೊ ಕಾಲ್‌ನಲ್ಲಿ, ಎರಡು ವರ್ಷಕ್ಕೊಮ್ಮೆಯ ಬೇಸಿಗೆ ರಜೆಯಲ್ಲಿ. ಹಾಗಾಗಿ ಆ ಜಾಗ ನಿಮಗೆ ಖಾಲಿಯಾಗಿಯೇ ಉಳಿಯಿತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಅಮ್ಮನ ತಪ್ಪೂ ಇಲ್ಲ. ಉಗ್ರಾಣಗಳು ಬೇರೆ ಬೇರೆ, ಅಷ್ಟೇ.

ಹಾಗಾದರೆ ಅಲ್ಲಿಯ ಬದುಕು ಗೊತ್ತಿಲ್ಲದವರು ಹೊರಗೇ ನಿಲ್ಲಬೇಕೇ? ಇಲ್ಲ. ಅದಕ್ಕೆ ಒಂದು ಒಳ್ಳೆಯ ಉದಾಹರಣೆ ಗಿರೀಶ್ ಕಾಸರವಳ್ಳಿ ಅವರ ಮೊದಲ ಚಿತ್ರ 'ಘಟಶ್ರಾದ್ಧ'. ಯು. ಆರ್. ಅನಂತಮೂರ್ತಿ ಅವರ ಕಥೆ. 1977ರ ಆ ಕಪ್ಪು ಬಿಳುಪು ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. ಅದರ ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಕಥೆ ಒಬ್ಬ ಎಳೆಯ ವಿಧವೆ ಯಮುನಾಳದ್ದು. ಅವಳು ಗರ್ಭಿಣಿಯಾಗುತ್ತಾಳೆ. ಸಮಾಜ ಅವಳನ್ನು ಹೊರಗೆ ಹಾಕುತ್ತದೆ. ಬದುಕಿರುವಾಗಲೇ ಅವಳ ಹೆಸರಿನಲ್ಲಿ ಶ್ರಾದ್ಧ ಮಾಡಲಾಗುತ್ತದೆ. ಆದರೆ ಕಾಸರವಳ್ಳಿ ಇದನ್ನೆಲ್ಲ ತೋರಿಸುವುದು ಯಾರ ಕಣ್ಣಿನಿಂದ ಗೊತ್ತೇ? ವೇದ ಕಲಿಯಲು ಅವಳ ತಂದೆಯ ಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ. ಅವನಿಗೆ ಆ ಮನೆ ಹೊಸದು. ದೊಡ್ಡವರ ಪಿಸುಮಾತು ಅರ್ಥವಾಗುವುದಿಲ್ಲ. ಯಮುನಕ್ಕನಿಗೆ ಏನೋ ಆಗಿದೆ ಎಂದಷ್ಟೇ ಅವನಿಗೆ ಗೊತ್ತು. ಅವನು ಅವಳ ಪಕ್ಕದಲ್ಲಿ ನಿಲ್ಲುತ್ತಾನೆ.

ಈಗ ಯೋಚಿಸಿ. ಎಲ್ಲವೂ ಗೊತ್ತಿಲ್ಲದ, ಹೊಸದಾಗಿ ಬಂದ, ಅರ್ಧ ಮಾತು ಮಾತ್ರ ಕಿವಿಗೆ ಬೀಳುವ ಹುಡುಗ. ನೀವೂ ಅದೇ ಜಾಗದಲ್ಲಿ ಅಲ್ಲವೇ ಇರುವುದು? ಬೆಂಗಳೂರಿನಲ್ಲಿ ಬೆಳೆದವರೂ ಆ ಚಿತ್ರವನ್ನು ನಾಣಿಯ ಹಾಗೆಯೇ ನೋಡಬೇಕು. ಗೊತ್ತಿಲ್ಲದಿರುವುದೇ ಅಲ್ಲಿ ಒಳಗೆ ಹೋಗುವ ಬಾಗಿಲು. ಆದ್ದರಿಂದ "ನನಗೆ ಇದೆಲ್ಲ ಅರ್ಥವಾಗಲ್ಲ" ಎಂದು ಎದ್ದುಹೋಗುವ ಮುನ್ನ ಒಮ್ಮೆ ಕೇಳಿಕೊಳ್ಳಿ: ಈ ಚಿತ್ರ ನನ್ನನ್ನು ಯಾರ ಪಕ್ಕದಲ್ಲಿ ನಿಲ್ಲಿಸುತ್ತಿದೆ?

ಟಿವಿಯ ದಾರಿ ಸ್ವಲ್ಪ ಬೇರೆ. ಅದರ ಬಲ ಅಭ್ಯಾಸದಲ್ಲಿದೆ. ದಿನವೂ ಅದೇ ಹೊತ್ತಿಗೆ, ನಮ್ಮದೇ ಮನೆಯೊಳಗೆ, ಅದೇ ಮುಖಗಳು. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ವಿದ್ವಾಂಸರು ಇದನ್ನು ಗುರುತಿಸಿದರು. ಟಿವಿ, ರೇಡಿಯೊದಲ್ಲಿ ನೇರವಾಗಿ ನಮ್ಮೊಡನೆ ಮಾತಾಡುವವರನ್ನು ನಾವು ಪರಿಚಿತರೆಂದೇ ಭಾವಿಸುತ್ತೇವೆ, ಅವರಿಗೆ ನಮ್ಮ ಪರಿಚಯವೇ ಇಲ್ಲದಿದ್ದರೂ. ನೀವು ದಿನವೂ ನೋಡುವ ಯೂಟ್ಯೂಬರ್ ನಿಮ್ಮ ಗೆಳೆಯ ಅನ್ನಿಸುವುದೂ ಇದರಿಂದಲೇ. ಹಾಗೆಯೇ, ಅಷ್ಟು ದೂರದಲ್ಲಿ ಕೂತು ಅಜ್ಜಿ ಸೀರಿಯಲ್ಲಿನ ಸೊಸೆಗೆ ಬೈಯುವುದೂ ಇದರಿಂದಲೇ!

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಸೀರಿಯಲ್ ಸರಿಯಾಗಿ ಬಾಗಿಲು ತೆರೆಯುವ ಹೊತ್ತಿಗೆ ನಿಲ್ಲುತ್ತದೆ. ಯಾರು ಬಂದರು ಎಂಬ ಖಾಲಿ ಜಾಗ ನಾಳೆಯವರೆಗೂ ಕೊರೆಯುತ್ತದೆ. ಈಗಂತೂ ಮುಂದಿನ ಕಂತು ತಾನೇ ಓಡತೊಡಗುತ್ತದೆ. ಹೀಗೆ ಹಿಡಿದಿಡುವುದೇ ಬೇರೆ, ನಾವು ತೊಡಗಿಕೊಳ್ಳುವುದೇ ಬೇರೆ. ವ್ಯತ್ಯಾಸ ತಿಳಿಯಲು ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ನೋಡಿ ಮುಗಿಸಿದ ಹತ್ತು ನಿಮಿಷದ ನಂತರ ಮನಸ್ಸಿನಲ್ಲಿ ಏನು ಉಳಿದಿದೆ? ಮುಂದೇನಾಗುತ್ತದೆ ಎಂಬ ಚಡಪಡಿಕೆ ಮಾತ್ರವೇ? ಹಾಗಿದ್ದರೆ ನಿಮ್ಮನ್ನು ಹಿಡಿದಿಟ್ಟಿದ್ದರು. ಒಂದು ಮುಖ, ಒಂದು ಪ್ರಶ್ನೆ, ನಿಮ್ಮದೇ ಬದುಕಿನ ಯಾವುದೋ ನೆನಪು ಜೊತೆಗೆ ಬಂತೇ? ಹಾಗಿದ್ದರೆ ನೀವು ತೊಡಗಿದ್ದಿರಿ.

ಇನ್ನು ನೀವು ಮಾಡಬಹುದಾದ ಎರಡು ಮೂರು ಕೆಲಸ ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಫೋನ್ ಕೆಳಗಿಡಿ. ಉಪದೇಶ ಅಂದುಕೊಳ್ಳಬೇಡಿ, ಇದಕ್ಕೆ ಕಾರಣವಿದೆ. ಚಿತ್ರ ಮೌನವಾಗುವ ಕ್ಷಣಗಳಲ್ಲೇ ನಿಮಗೆ ಜಾಗ ಬಿಟ್ಟಿರುತ್ತಾರೆ. "ಏನೂ ನಡೆಯುತ್ತಿಲ್ಲ" ಎಂದು ನೀವು ಫೋನ್ ನೋಡುವುದು ಸರಿಯಾಗಿ ಆಗಲೇ.

ಎರಡನೆಯದು, ಸಬ್‌ಟೈಟಲ್ ಇಟ್ಟುಕೊಂಡೇ ಒಮ್ಮೆ ನೋಡಿ. ಆಮೇಲೆ ನಿಮಗೆ ಹಿಡಿಸಿದ ಒಂದು ದೃಶ್ಯವನ್ನು ಸಬ್‌ಟೈಟಲ್ ತೆಗೆದು ಮತ್ತೆ ನೋಡಿ. ಕಣ್ಣು ಕೆಳಗಿನ ಸಾಲಿನಿಂದ ಮುಖದ ಕಡೆಗೆ ಏರುತ್ತದೆ. ಮಾತಿನ ಧಾಟಿ ಕೇಳಿಸುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅಮ್ಮ ಅಳುವಾಗ "ಯಾಕೆ ಅಳ್ತೀಯಾ?" ಎಂದು ಕೇಳಬೇಡಿ. ಅದಕ್ಕೆ "ಏನಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಟಿವಿ ನಿಲ್ಲಿಸಿ, "ಇದನ್ನು ನೋಡಿದರೆ ನಿನಗೆ ಯಾರು ನೆನಪಾಗ್ತಾರೆ?" ಎಂದು ಕೇಳಿ. ಆಗ ಅಮ್ಮ ತಮ್ಮ ಉಗ್ರಾಣದ ಬಾಗಿಲು ತೆರೆಯುತ್ತಾರೆ. ಸಿನಿಮಾ ಮುಗಿಯಲು ತಡವಾಗಬಹುದು, ಆಗಲಿ. ಅವರು ಹೇಳಿದ್ದು ಇನ್ನು ನಿಮ್ಮ ಉಗ್ರಾಣದಲ್ಲೂ ಇರುತ್ತದೆ. ನೀವೂ ಹೇಳಿ. ನಿಮಗೆ ಇಷ್ಟವಾದ ಅನಿಮೆಯನ್ನೋ ಸೀರೀಸನ್ನೋ ಅವರ ಜೊತೆ ಕೂತು ನೋಡಿ. ನಿಮ್ಮ ಶಾಲೆಯ ಒಂಟಿತನ, ನಿಮ್ಮ ಗೆಳೆತನ ಆ ಚಿತ್ರದೊಳಗೆ ಎಲ್ಲಿ ಕೂತಿದೆ ಎಂದು ತೋರಿಸಿ. ಅವರಿಗೂ ನಿಮ್ಮ ಬದುಕಿನಲ್ಲಿ ಖಾಲಿ ಜಾಗಗಳು ಬಹಳ ಇವೆ. ತುಂಬಲು ಅವರೂ ಕಾಯುತ್ತಿದ್ದಾರೆ.

ಮುಂದೊಂದು ದಿನ ನೀವು ಒಬ್ಬರೇ ಕೂತು ಸ್ವಾಮಿ ಅಜ್ಜಿಯ ಪಕ್ಕಕ್ಕೆ ಸರಿಯುವುದನ್ನು ನೋಡುತ್ತೀರಿ. ನೀವು ಎಂದೂ ನೋಡದ ಮುತ್ತಜ್ಜಿಯೊಬ್ಬರ ಕೌದಿ ಆಗ ನೆನಪಾಗುತ್ತದೆ. ಅದು ಅಮ್ಮ ಕೊಟ್ಟ ನೆನಪು.

ಈ ವಾರ ಯಾವುದಾದರೂ ಒಂದು ಚಿತ್ರ, ಮನೆಯವರೊಡನೆ ಕೂತು ನೋಡಿ. ಮತ್ತೆ ಮಾತಾಡೋಣ. ನಮಸ್ಕಾರ.